ಕಂಪ್ಲಿಗೆ ಕಳಿಸಿದ ಕರ್ಪೂರ

ಕರ್ಪೂರ ಅಪಾಯಕಾರಿ ವಸ್ತು ಎಂಬುದು ನನಗೆ ತಿಳಿದದ್ದು ಅರವತ್ತು ದಾಟಿದ ಮೇಲೆ. ಅಲ್ಲಿಯವರೆಗೆ ಅದನ್ನು ಬೆಳಗ್ಗೆ ಸಂಜೆ ಬರಿಗೈಯಲ್ಲಿ ಮುಟ್ಟಿ, ಹಚ್ಚಿ, ಉರಿಯ ಮೇಲೆ ಅಂಗೈ ಆಡಿಸಿ ಕಣ್ಣಿಗೊತ್ತಿಕೊಂಡು, ಆಪತ್ಕಾಲದಲ್ಲಿ ಹಲ್ಲುನೋವಿಗೆ ದವಡೆಯ ಸಂದಿಯಲ್ಲಿ ಇಟ್ಟುಕೊಂಡೂ ಬದುಕಿದ್ದೆ. ಸಾಗಣೆಯ ನಿಯಮಗಳನ್ನು ಓದಿದ ಯಾರಿಗಾದರೂ ನಾನಿನ್ನೂ ಉಳಿದಿರುವುದು ಆಶ್ಚರ್ಯದ ಸಂಗತಿಯೇ ಸರಿ.

ಜಗತ್ತಿನ ದೇಶಗಳೆಲ್ಲ ಕೂಡಿ ಅಪಾಯಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿವೆ. ಸಿಡಿಯುವಂಥವು ಮೊದಲನೆಯ ವರ್ಗ. ಆಮೇಲೆ ಅನಿಲಗಳು, ಹೊತ್ತಿಕೊಳ್ಳುವ ದ್ರವಗಳು. ನಾಲ್ಕನೆಯದು ಹೊತ್ತಿಕೊಳ್ಳುವ ಘನಪದಾರ್ಥಗಳದು. ನಮ್ಮ ದೇವರ ಕರ್ಪೂರ ಅಲ್ಲಿ ಬೆಂಕಿಕಡ್ಡಿಯ ಮಗ್ಗುಲಲ್ಲಿ ಕುಳಿತಿದೆ. ವಿಷಕ್ಕೆ ಒಂದು ವರ್ಗ, ವಿಕಿರಣಕ್ಕೆ ಒಂದು. ಕೊನೆಯದು ಎಲ್ಲಿಯೂ ಹೊಂದದವರಿಗೆ ಮೀಸಲಾದ ‘ಇತರೆ’. ನಮ್ಮ ಬಂಧುವರ್ಗದ ಕೆಲವರ ಮುಖ ನೆನಪಾಗಿ ನನಗೆ ಆ ಕೊನೆಯ ವರ್ಗದ ಮೇಲೆ ವಿಶೇಷ ಗೌರವ.

ಕರ್ಪೂರದ ಪೆಟ್ಟಿಗೆಯ ಮೇಲೆ ಅಂಟಿಸಬೇಕಾದ ಲೇಬಲ್ಲಿಗೂ ಒಂದು ಶಾಸ್ತ್ರವಿದೆ. ಮೂಲೆಯ ಮೇಲೆ ನಿಲ್ಲಿಸಿದ ಚೌಕ, ಅದರೊಳಗೆ ಕೆಂಪು ಬಿಳಿ ಉದ್ದ ಪಟ್ಟೆ, ಕೆಳಗೆ ನಾಲ್ಕು ಎಂಬ ಅಂಕಿ, ಮೇಲೆ ಒಂದು ಜ್ವಾಲೆ. ಆ ಜ್ವಾಲೆ ಕಪ್ಪು. ಬೆಂಕಿ ಕಪ್ಪಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಬಿಸಿಲಿನಲ್ಲಿ ಅದನ್ನು ನೋಡುತ್ತ ಕುಳಿತರೆ ಅದು ಉರಿಯುತ್ತಿಲ್ಲ, ಯಾರದೋ ಉರಿಯ ನೆರಳು ಬಿದ್ದಿದೆ ಅನಿಸುತ್ತದೆ. ಅಂಥ ನೆರಳುಗಳ ಒಂದು ಸುರುಳಿಯೇ ನಮ್ಮ ಮನೆಯ ಅಲಮಾರಿಯಲ್ಲಿದೆ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿ ಸರೋಜ. ನಾನು ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಲಾರಿ ತೂಗಿಸುವ ಕೆಲಸದಿಂದ ನಿವೃತ್ತನಾಗಿ ಹೊಸಪೇಟೆಯ ಮನೆಯಲ್ಲಿ ಕುಳಿತ ಮೇಲೆ, ದಿನವಿಡೀ ನನ್ನ ಮುಖ ನೋಡುವುದಕ್ಕಿಂತ ಏನಾದರೂ ವ್ಯಾಪಾರ ಮಾಡುವುದು ಲೇಸೆಂದು ಅವಳು ತೀರ್ಮಾನಿಸಿದಳು. ಪೂಜೆಯ ಸಾಮಾನು ಆನ್‌ಲೈನಿನಲ್ಲಿ ಮಾರತೊಡಗಿದಳು: ಹತ್ತಿಯ ಬತ್ತಿ, ವಿಭೂತಿ, ಗಂಧ, ಕರ್ಪೂರ. ಬತ್ತಿ ವಿಭೂತಿಗಳ ಬಗ್ಗೆ ಜಗತ್ತಿಗೆ ತಕರಾರಿರಲಿಲ್ಲ. ಕರ್ಪೂರ ಎಂದ ಕೂಡಲೆ ಘೋಷಣಾಪತ್ರ, ಲೇಬಲ್ಲು, ವಿಮಾನದಲ್ಲಿ ಒಯ್ಯಕೂಡದೆಂಬ ಚೀಟಿ, ಅವಘಡವಾದರೆ ಕರೆಯಬೇಕಾದವರ ಫೋನ್ ನಂಬರು, ಎಲ್ಲ ಬಂದವು. ಸಂಡೂರಿನಲ್ಲಿ ನನ್ನ ಕಣ್ಣೆದುರೇ ಸಿಡಿಮದ್ದಿನ ವ್ಯಾನುಗಳು ಕೆಂಪು ಬಾವುಟ ಹಾರಿಸಿಕೊಂಡು ಹೋಗುತ್ತಿದ್ದವು. ಅವುಗಳ ಹಿಂದೆ ಅದಿರಿನ ಲಾರಿಗಳು ಊರ ಮಂದಿಯ ಅಂಗಿ, ಅನ್ನ, ಶ್ವಾಸಕೋಶಗಳಿಗೆ ಕೆಂಪು ಹಚ್ಚುತ್ತ ಹೋಗುತ್ತಿದ್ದವು. ಅವಕ್ಕೆ ಯಾವ ಲೇಬಲ್ಲೂ ಇರಲಿಲ್ಲ. ಅಷ್ಟು ವರ್ಷ ಅಪಾಯದ ಮಗ್ಗುಲಲ್ಲಿ ಸಂಬಳ ತೆಗೆದುಕೊಂಡ ಮನುಷ್ಯ ಎಂಬ ಅರ್ಹತೆಯ ಮೇಲೆ ಲೇಬಲ್ ಅಂಟಿಸುವ ಖಾತೆ ನನಗೆ ಬಂತು. ಅವಘಡದ ಫೋನ್ ನಂಬರೂ ನನ್ನದೇ.

ನಾನು ಹೇಳಹೊರಟಿರುವುದು ಆ ಖಾತೆಯ ವೈಭವವನ್ನಲ್ಲ. ಒಂದು ಖಾಲಿ ಡಬ್ಬಿಯನ್ನು. ಅದು ನನ್ನ ಹೆಂಡತಿಯನ್ನು ಇಡೀ ದೇಶದೆದುರು ಮೋಸಗಾರ್ತಿ ಎಂದು ಕರೆಯಿತು. ಅಂಗಡಿಯಲ್ಲಿ ಚಿಲ್ಲರೆ ಹೆಚ್ಚು ಬಂದರೆ ಅರ್ಧ ದಾರಿಯಿಂದ ತಿರುಗಿ ಹೋಗಿ ಕೊಟ್ಟು ಬರುವ ಹೆಂಗಸು ಆಕೆ.

ಕಂಪ್ಲಿಯಿಂದ ಒಂದು ಆರ್ಡರು ಬಂದಿತ್ತು. ಸಿದ್ದಮ್ಮ ಎಂಬ ಹೆಸರು, ರೈಸ್ ಮಿಲ್ಲಿನ ಹಿಂದಿನ ಓಣಿ, ಕಾಲು ಕಿಲೋ ಕರ್ಪೂರ. ಜತೆಗೆ ಒಂದು ಸೂಚನೆ: ದೇವರಿಗೆ ಬೇಕು, ಪ್ಲಾಸ್ಟಿಕ್ ಹಾಕಬ್ಯಾಡ್ರಿ. ಸರೋಜಳಿಗೆ ಆ ಸೂಚನೆ ಬಹಳ ಹಿಡಿಸಿತು. ಬೇರೆಯವರಿಗೆಲ್ಲ ಅವಳು ಕರ್ಪೂರವನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿಯನ್ನು ಬಿಸಿ ಮಾಡಿ ಬೆಸೆದು, ತಗಡಿನ ಡಬ್ಬಿಗೆ ಇಳಿಸುತ್ತಿದ್ದಳು. ಇವರಿಗೆ ಮಾತ್ರ ಮುತ್ತುಗದ ಎಲೆ ಹಾಸಿ, ಹಳದಿ ಬಟ್ಟೆಯಲ್ಲಿ ಕಟ್ಟಿ ಇಟ್ಟಳು. ಇಟ್ಟು, “ಗಾಳಿ ಆಡ್ತೈತಲ್ರಿ?” ಎಂದು ನನ್ನನ್ನು ಕೇಳಿದಳು.

ಕೇಳಬಾರದಿತ್ತು. ಕೇಳಿದರೆ ನಾನು ಉತ್ತರ ಕೊಡುತ್ತೇನೆ. ನಮ್ಮ ಕಡೆ ಕರ್ಪೂರದ ಡಬ್ಬಿಯಲ್ಲಿ ಕರಿಮೆಣಸಿನ ಕಾಳು ಹಾಕಿಡುವ ಪದ್ಧತಿ. ಮೆಣಸಿದ್ದರೆ ಕರ್ಪೂರ ಹಾರಿಹೋಗುವುದಿಲ್ಲ. ಯಾಕೆ ಹೋಗುವುದಿಲ್ಲ ಎಂದು ನಮ್ಮ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಒಂದು ಏಟು ಬೀಳುತ್ತಿತ್ತು, ವಿಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು. “ಮೆಣಸು ಹಾಕೋಣು. ಅದು ಕಾವಲಿರ್ತೈತಿ” ಎಂದೆ. ನನ್ನ ಕೈಯಾರೆ ಗಂಟು ಸಡಿಲಿಸಿ ಒಂದು ಚಿಟಿಕೆ ಮೆಣಸು ಹಾಕಿ, ಮತ್ತೆ ಕಟ್ಟಿ, ಮುಚ್ಚಳ ಒತ್ತಿ, ರಟ್ಟಿನ ಪೆಟ್ಟಿಗೆಗಿಟ್ಟು, ಅಂಟುಪಟ್ಟಿ ಸುತ್ತಿ, ಕಪ್ಪು ಜ್ವಾಲೆಯನ್ನು ಅಂಟಿಸಿದೆ. ಜಗತ್ತಿನ ಸಕಲ ನಿಯಮಗಳನ್ನೂ ಪಾಲಿಸಿದ ಆ ಪೆಟ್ಟಿಗೆಯೊಳಗೆ ಕರ್ಪೂರದ ಭದ್ರತೆ ನನ್ನ ಅಜ್ಜಿಯ ಕೈಯಲ್ಲಿತ್ತು.

ಹೊಸಪೇಟೆಯಿಂದ ಕಂಪ್ಲಿಗೆ ಬಸ್ಸಿನಲ್ಲಿ ಹೋದರೆ ಒಂದು ನಿದ್ದೆಗೂ ದಾರಿ ಸಾಲದು. ಆದರೆ ಪಾರ್ಸೆಲ್ಲಿಗೆ ತನ್ನದೇ ಭೂಗೋಳವಿದೆ. ಅದು ಮೊದಲು ಬಳ್ಳಾರಿಗೆ ಹೋಯಿತು, ಅಲ್ಲಿಂದ ಬೆಂಗಳೂರಿಗೆ. ಅಪಾಯಕಾರಿ ಎಂಬ ಕಾರಣಕ್ಕೆ ಅಲ್ಲಿ ಒಂದು ಮೂಲೆಯಲ್ಲಿ ಕೂತು, ಆಮೇಲೆ ಯಾವ ಪುಣ್ಯಾತ್ಮನ ಆಜ್ಞೆಯೋ, ಹೈದರಾಬಾದಿಗೆ ಹೊರಟಿತು. ಹಂಪಿಯ ಪೇಟೆ ನಡೆಯುತ್ತಿದ್ದ ಕಾಲದಲ್ಲಿ ಕರ್ಪೂರ ಕಡಲಾಚೆಯ ದ್ವೀಪಗಳಿಂದ ಹಡಗಿನಲ್ಲಿ, ಎತ್ತಿನ ಮೇಲೆ ಬರುತ್ತಿತ್ತಂತೆ. ಬಹುಶಃ ನಮ್ಮ ಪಾರ್ಸೆಲ್ಲಿಗಿಂತ ಬೇಗ ಬರುತ್ತಿತ್ತು.

ಫೋನುಗಳು ಬರತೊಡಗಿದ್ದು ಆಗ. ಬೇಸಿಗೆ. ನಮ್ಮ ಹೊಸಪೇಟೆಯ ಬೇಸಿಗೆಯ ನಡುಮಧ್ಯಾಹ್ನ ಎಂಥದೆಂದು ಕಂಡವರಿಗೆ ಗೊತ್ತು: ಓಣಿಯಲ್ಲಿ ನಾಯಿಯೂ ಇಲ್ಲ, ಕಾಲುವೆಯ ನೀರು ಸದ್ದು ಮಾಡುವುದಿಲ್ಲ, ಬಾಗಿಲುಗಳೆಲ್ಲ ಮುಚ್ಚಿ ಊರು ಬಿಟ್ಟು ಹೋದವರ ಊರಿನಂತೆ ಬೀದಿ ಬಿದ್ದಿರುತ್ತದೆ. ದೆವ್ವಗಳಿಗೆ ರಾತ್ರಿಯನ್ನು ಗೊತ್ತುಮಾಡಿದವರು ಬಳ್ಳಾರಿ ಸೀಮೆಯ ಮಧ್ಯಾಹ್ನವನ್ನು ಕಂಡಿರಲಿಕ್ಕಿಲ್ಲ. ಅಂಥ ಹೊತ್ತಿನಲ್ಲಿ ಮೊದಲ ಕರೆ ಬಂತು. ಬಳ್ಳಾರಿಯ ಗೋದಾಮಿನವನು.

“ಈ ನಂಬರ್ ನಿಮ್ದೇನ್ರಿ? ಪೆಟಿಗಿ ಮ್ಯಾಲೆ ಐತಿ. ವಾಸನಿ ಬರಾಕತ್ತೈತ್ರಿ.”

“ಕರ್ಪೂರ ಅಲ್ಲೇನ್ರಿ, ಬರ್ತೈತಿ,” ಎಂದೆ.

“ಬರ್ಲಿ ಬಿಡ್ರಿ. ಗುಡಿಯಾಗ ಕುಂತಂಗ ಆಗೈತಿ. ಕೆಲ್ಸ ಮಾಡಾಕ ಮನಸ ಆಗವಲ್ದು.”

ಬೆಂಗಳೂರಿನವನು ಸಭ್ಯನಾಗಿ, ವಾಸನೆ ಜಾಸ್ತಿಯಾಗಿದೆ ಸಾರ್, ಒಡೆದಿಲ್ಲ, ಆದರೂ ಜಾಸ್ತಿಯಾಗಿದೆ ಎಂದ. ಹೈದರಾಬಾದಿನಿಂದ ಒಬ್ಬ ಹಿಂದಿಯಲ್ಲಿ ಮಾತಾಡಿದ. ನನಗೆ ಅರ್ಥವಾದದ್ದಿಷ್ಟು: ಅವರ ಶೆಡ್ಡಿನ ಹುಡುಗರಿಗೆ ಅದು ಹೆಣ ಇಟ್ಟ ಮನೆಯ ವಾಸನೆ ಅನಿಸಿದೆ, ಪೆಟ್ಟಿಗೆಯನ್ನು ಹೊರಗೆ ಬೇವಿನ ಮರದ ಕೆಳಗೆ ಇಟ್ಟಿದ್ದಾರೆ, ಅದಕ್ಕೆ ಬೆನ್ನು ಮಾಡಿ ಯಾರೂ ಕೂರುತ್ತಿಲ್ಲ. ಒಂದೇ ಕರ್ಪೂರ ಬಳ್ಳಾರಿಯಲ್ಲಿ ಗುಡಿಯಾಗಿ ಹೈದರಾಬಾದಿನಲ್ಲಿ ಮಸಣವಾದದ್ದು ಹೇಗೆಂದು ನಾನು ಯೋಚಿಸುತ್ತ ಕುಳಿತೆ. ಗುಡಿ, ಮಸಣ ಎರಡು ಕಡೆಯೂ ಅದನ್ನು ಹಚ್ಚುವವರು ನಾವೇ ಅಲ್ಲವೆ? ಆಮೇಲೊಂದು ಕರೆ ಬಂತು. ಆ ಕಡೆ ಮಾತೇ ಇಲ್ಲ. ಫ್ಯಾನಿನ ಸದ್ದು, ಯಾರೋ ಮೂಗಿನಿಂದ ಉದ್ದಕ್ಕೆ ಉಸಿರೆಳೆದುಕೊಂಡ ಸದ್ದು, ಅಷ್ಟೆ. ನಾನು ಹಲೋ ಎಂದೆ. ಮತ್ತೊಮ್ಮೆ ಉಸಿರೆಳೆದುಕೊಂಡು ಇಟ್ಟುಬಿಟ್ಟರು. ಪಾರ್ಸೆಲ್ ಕಂಪನಿಯ ನೌಕರರು ಹೀಗೂ ವರದಿ ಮಾಡುತ್ತಾರೆಂದು ನಾನು ಸಮಾಧಾನ ಹೇಳಿಕೊಂಡೆ.

ಈ ನಡುವೆ ಸಿದ್ದಮ್ಮನವರೂ ಸರೋಜಳಿಗೆ ಫೋನು ಮಾಡುತ್ತಿದ್ದರು. ಜಗಳಕ್ಕಲ್ಲ. ಬಳಕೆಯ ದನಿ, ನಡುನಡುವೆ ಕೆಮ್ಮು. “ಎಲ್ಲಿಗೆ ಬಂತವ್ವಾ ನನ್ನ ಕರ್ಪೂರ?” ಎಂದು ಕೇಳುವರು. ಇವಳು ಹೈದರಾಬಾದು ಅಂದರೆ, “ಅಯ್ಯ, ನಾನ ನೋಡಿಲ್ಲ ಆ ಊರು. ಕಂಡಕ್ಟರನ ಕೈಯಾಗ ಕೊಟ್ಟಿದ್ರ ಅವತ್ತ ಹೊಂಟು ಬರ್ತಿತ್ತಲ್ಲವಾ” ಎಂದು ನಗುವರು. ಮಾತು ನಿಜ. ಆದರೆ ಆರ್ಡರು ಒಂದು ಸಲ ಯಂತ್ರದ ಬಾಯಿಗೆ ಬಿದ್ದ ಮೇಲೆ ಯಂತ್ರವೇ ಅದನ್ನು ನುಂಗಿ ಉಗುಳಬೇಕು. ಒಂದು ದಿನ ಸರೋಜ ಫೋನು ಇಟ್ಟು ನನ್ನ ಕಡೆ ವಿಚಿತ್ರವಾಗಿ ನೋಡಿದಳು.

“ಏನಂತ?”

“ಈಗ ವಾಸನಿ ಬರಾಕತ್ತೈತವ್ವಾ, ಹತ್ರ ಬಂದಿರಬೇಕು ಅಂದ್ರು.”

ನಾನು ಫೋನಿನಲ್ಲಿ ಪಾರ್ಸೆಲ್ಲಿನ ಠಿಕಾಣಿ ನೋಡಿದೆ. ಅದಿನ್ನೂ ಆ ಬೇವಿನ ಮರದ ಕೆಳಗೇ ಇತ್ತು.

ಆಮೇಲೆ ಸಿದ್ದಮ್ಮನವರ ಫೋನು ಬರಲಿಲ್ಲ. ಪೆಟ್ಟಿಗೆ ಮಾತ್ರ ರಾಯಚೂರು, ಸಿಂಧನೂರು, ಗಂಗಾವತಿ ದಾಟಿ, ತುಂಗಭದ್ರೆಯ ಸೇತುವೆ ಹಾದು ಕಂಪ್ಲಿ ಸೇರಿತು ಎಂದು ತಿಳಿದುಬಂತು. ಅದರ ಬೆನ್ನಿಗೇ ದೂರು ಬಂತು. ಸಿದ್ದಮ್ಮನವರ ಹೆಸರಿನಿಂದಲೇ: ಡಬ್ಬಿ ಖಾಲಿ ಇದೆ, ಇವರು ಮೋಸಗಾರರು, ಯಾರೂ ಕೊಳ್ಳಬೇಡಿ. ಜತೆಗೆ ತೆರೆದ ಡಬ್ಬಿಯ ಫೋಟೊ. ಆ ಆನ್‌ಲೈನ್ ಪೇಟೆಯವರು ಮರುದಿನವೇ ಸರೋಜಳ ಅಂಗಡಿಗೆ ಬೀಗ ಜಡಿದರು. ಗಿರಾಕಿಯೇ ದೂರು ಹಿಂದೆಗೆದುಕೊಳ್ಳಬೇಕು, ಇಲ್ಲವೆ ಡಬ್ಬಿಯಲ್ಲಿ ಮಾಲು ಇತ್ತೆಂದು ನಾವು ಸಾಬೀತು ಮಾಡಬೇಕು. ಇಲ್ಲದಿದ್ದರೆ ಬೀಗ ಶಾಶ್ವತ, ಹೆಸರಿನ ಮುಂದೆ ಆ ಮಾತೂ ಶಾಶ್ವತ. ಖಾಲಿ ಡಬ್ಬಿಯಲ್ಲಿ ಏನೋ ಇತ್ತೆಂದು ಸಾಬೀತು ಮಾಡುವುದು ಹೇಗೆ? ಉಳಿದಿರುವ ಸಾಕ್ಷಿ ವಾಸನೆಯೊಂದೇ. ವಾಸನೆಯ ಫೋಟೊ ತೆಗೆಯುವ ಕಲೆ ಇನ್ನೂ ಬಂದಿಲ್ಲ.

ನನಗೇನೋ ಒಳಗೊಳಗೆ ವಿಷಯ ತಿಳಿದಿತ್ತು. ಕರ್ಪೂರ ಕರಗಿ ನೀರಾಗುವ ಗೋಜಿಗೆ ಹೋಗುವುದಿಲ್ಲ. ಘನದಿಂದ ನೆಟ್ಟಗೆ ಗಾಳಿಯಾಗುತ್ತದೆ. ಬೂದಿಯಿಲ್ಲ, ಕಲೆಯಿಲ್ಲ, ಇಲ್ಲಿದ್ದೆ ಎಂಬ ಒಂದು ಗುರುತೂ ಇಲ್ಲ. ಹಂಪಿಯ ಕಲ್ಲು ಇಷ್ಟು ಶತಮಾನ ಒಡೆದರೂ ಹೋಗದೆ ಕುಳಿತಿದೆ. ಆ ಕಲ್ಲಿನ ಮುಂದೆ ಹಚ್ಚಿದ ಕರ್ಪೂರ ಅದೇ ಕ್ಷಣ ಹೊರಟುಹೋಗಿದೆ. ಎರಡೂ ದೇವರಿಗೇ ಸಂದವು. ಇಂಥ ಪದಾರ್ಥವನ್ನು ಸಡಿಲ ಮುಚ್ಚಳದ ಡಬ್ಬಿಯಲ್ಲಿಟ್ಟು ಬೇಸಿಗೆಯಲ್ಲಿ ದಕ್ಷಿಣ ಭಾರತದ ತಗಡಿನ ಶೆಡ್ಡುಗಳನ್ನೆಲ್ಲ ಸುತ್ತಿಸಿದರೆ ಅದು ಇನ್ನೇನು ಮಾಡೀತು? ಆದರೆ ಕಾಲು ಕಿಲೋ ಅಷ್ಟೂ, ಒಂದು ಚೂರೂ ಬಿಡದೆ? ಅಲ್ಲಿ ಮಾತ್ರ ನನ್ನ ವಿಜ್ಞಾನ ಸ್ವಲ್ಪ ಏದುಸಿರು ಬಿಡುತ್ತಿತ್ತು.

ಸರೋಜ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮೂರನೆಯ ದಿನ ಒಂದು ಹೊಸ ಡಬ್ಬಿಗೆ ಕರ್ಪೂರ ತುಂಬಿ, ಬಾಯಿ ಭದ್ರ ಮಾಡಿ, ಕೈಚೀಲಕ್ಕೆ ಹಾಕಿಕೊಂಡಳು. “ಏಳ್ರಿ, ಕಂಪ್ಲಿಗೆ ಹೋಗೋಣು. ಬದಲಿ ಕೊಟ್ಟು ಕೈಮುಗಿದು ಕೇಳ್ತೀನಿ. ಮೋಸಗಾರ್ತಿ ಅನ್ನಿಸಿಕೊಂಡು ನಾ ಕುಂದ್ರಂಗಿಲ್ಲ.” ಲೇಬಲ್ ಇಲ್ಲದ ಅಪಾಯಕಾರಿ ವಸ್ತುವನ್ನು ತೊಡೆಯ ಮೇಲಿಟ್ಟುಕೊಂಡು ನಾವು ಬಸ್ಸಿನಲ್ಲಿ ಕುಳಿತೆವು. ಕಮಲಾಪುರ ದಾಟಿ ಕಬ್ಬಿನ ಗದ್ದೆಗಳು ಶುರುವಾದರೂ ಅವಳು ಕಿಟಕಿಯಾಚೆ ನೋಡಲಿಲ್ಲ.

ಕಂಪ್ಲಿಯ ಆ ಓಣಿಯ ತುಂಬ ಬೇಯಿಸಿದ ಭತ್ತದ ವಾಸನೆ, ಗಾಳಿಯಲ್ಲಿ ತೌಡು. ಮನೆಯ ಹೊಸ್ತಿಲ ಹತ್ತಿರ ಬಂದಂತೆ ಭತ್ತದ ವಾಸನೆ ಹಿಂದುಳಿಯಿತು. ಒಳಗಿನಿಂದ ಕರ್ಪೂರ ತಣ್ಣಗೆ ಬಂದು ಮೂಗಿಗೆ ತಾಗಿತು. ಬಾಗಿಲಲ್ಲಿ ವಿಭೂತಿ ಧರಿಸಿದ ಒಬ್ಬ ಹಿರಿಯರು ನಿಂತಿದ್ದರು. ಅವರು ಮಿಲ್ಲಿನ ಶರಣಪ್ಪ, ಸಿದ್ದಮ್ಮನವರ ಗಂಡ.

“ಸಿದ್ದಮ್ಮನವರ ಮನಿ ಇದೇ ಏನ್ರಿ?” ಎಂದಳು ಸರೋಜ.

“ಹೌದ್ರಿ. ಬರ್ರಿ, ಕುಂದ್ರಿ.”

“ಅವರು ಅದಾರೇನ್ರಿ?”

“ಅದಾಳ. ಒಳಗ ಅದಾಳ. ಕುಂದ್ರಿ.”

ನಾವು ಒಳಗೆ ಹೋಗಿ ಕುಳಿತೆವು. ಎದುರಿನ ಗೋಡೆಯ ಮೇಲೆ ಹಣೆತುಂಬ ವಿಭೂತಿಯ, ನಗುಮುಖದ ಒಬ್ಬ ಹೆಂಗಸಿನ ಫೋಟೊ. ಅದಕ್ಕೆ ಆಗಲೇ ಒಣಗಿದ ಹೂಮಾಲೆ. ಕೆಳಗೆ ಒಂದು ಮಣೆಯ ಮೇಲೆ ನಮ್ಮ ತಗಡಿನ ಡಬ್ಬಿ, ಮುಚ್ಚಳ ತೆರೆದದ್ದು. ಸರೋಜ ನನ್ನ ಮುಂಗೈ ಹಿಡಿದಳು. ದೂರು ಬಂದಿದ್ದು ಇವರ ಹೆಸರಿನಿಂದ. ಮಾಲೆ ಅದಕ್ಕಿಂತ ಹಿಂದಿನದು.

ಅಷ್ಟರಲ್ಲಿ ತಲೆಗೂದಲಿಗೆಲ್ಲ ತೌಡು ಮೆತ್ತಿಕೊಂಡು ಮಗ ಬಸವರಾಜ ಮಿಲ್ಲಿನಿಂದ ಬಂದ. ಮೂವತ್ತೈದರ ಪ್ರಾಯ. ನಾವು ಯಾರೆಂದು ತಿಳಿದ ಕೂಡಲೆ ಮುಖ ಬಿಗಿದುಕೊಂಡು, ನಮ್ಮನ್ನು ಕಟ್ಟೆಗೆ ಕರೆದುಕೊಂಡು ಹೋದ.

“ಅಕ್ಕಾರ, ಕಂಪ್ಲೇಂಟ್ ಮಾಡಿದ್ದು ನಾನ, ಅವ್ವನ ಫೋನಿನಾಗ. ಅವ್ವನ್ನ ಮಣ್ಣು ಮಾಡಿ ಬಂದ ಮರುದಿನ ಡಬ್ಬಿ ಬಂತು. ಜ್ವರದಾಗ ದಿನಾ ಕೇಳ್ತಿದ್ಲು, ಕರ್ಪೂರ ಬಂತೇನಲೇ, ವಾಸನಿ ಬರಾಕತ್ತೈತಿ ಅಂತ. ಬಿಚ್ಚಿ ನೋಡಿದ್ರ ಏನೂ ಇಲ್ಲ. ನನಗ ಸಿಟ್ಟು ಬಂತು.”

ಪಾರ್ಸೆಲ್ ಬಿಚ್ಚುವುದನ್ನು ಅವನು ಫೋನಿನಲ್ಲಿ ವಿಡಿಯೊ ಮಾಡಿದ್ದ; ಈಗ ಎಲ್ಲರೂ ಮಾಡುತ್ತಾರಂತೆ. ತೋರಿಸಿದ. ಪಟ್ಟಿ ಕತ್ತರಿಸುವ ಮುಂಚೆ ಪೆಟ್ಟಿಗೆ ಹೇಗಿತ್ತೋ ಹಾಗೇ ಇತ್ತು, ನಾನು ಅಂಟಿಸಿದ ಲೇಬಲ್ಲು, ನಾನು ಸುತ್ತಿದ ಪಟ್ಟಿ. ಮುಚ್ಚಳ ತೆರೆಯಿತು. ಹಳದಿ ಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಒಣಗಿದ ಮುತ್ತುಗದ ಎಲೆ. ಎಲೆಯ ಮೇಲೆ ಏನೂ ಇಲ್ಲ. ನಾನು ಇನ್ನೊಮ್ಮೆ ತೋರಿಸಲು ಹೇಳಿದೆ. ಮತ್ತೆ ನೋಡಿದೆ.

“ಮೆಣಸು ಎಲ್ಲೈತ್ರಿ?” ಎಂದೆ.

“ಯಾವ ಮೆಣಸು?”

ಕರ್ಪೂರ ಹಾರುತ್ತದೆ, ಸರಿ. ಮೆಣಸು ಹಾರುವುದನ್ನು ಯಾವ ಶಾಸ್ತ್ರವೂ ಹೇಳಿಲ್ಲ. ಗಂಟು ಬಿಚ್ಚುವಾಗ ಉದುರಿದ್ದೂ ಕಾಣಲಿಲ್ಲ. ಹಾಕಿದ್ದೇ ಮರೆತೆನೆ ಎಂದು ಸರೋಜಳ ಮುಖ ನೋಡಿದೆ. “ಹಾಕಿದ್ರಿ. ನಾ ನೋಡೀನಿ,” ಎಂದಳು ಮೆಲ್ಲಗೆ. ಕಾವಲಿಗಿಟ್ಟವರೂ ಕೂಡಿಯೇ ಹೊರಟುಹೋಗಿದ್ದರು. ಸಾಗಣೆ ನಿಯಮಗಳಲ್ಲಿ ಇದು ಯಾವ ವರ್ಗಕ್ಕೆ ಸೇರುತ್ತದೋ ತಿಳಿಯದು, ಬಹುಶಃ ‘ಇತರೆ’.

ಬಸವರಾಜನಿಗೆ ಮೆಣಸಿನ ಚಿಂತೆ ಇರಲಿಲ್ಲ. “ಆಮ್ಯಾಲ ತಿಳೀತ್ರಿ, ಕರ್ಪೂರ ತಾನಾಗೇ ಹಾರಿ ಹೋಗ್ತೈತಂತ. ಆದ್ರ ಅಪ್ಪ ನನ್ನ ಮಾತು ಕೇಳವಲ್ರು. ಅಕೀನ ತಗೊಂಡ್ಳು ಅಂತಾರ. ಅವತ್ತಿಂದ ಡಬ್ಬಿ ಮುಂದ ಕುಂತಾರ. ಉಣ್ಣಾಕ ಕರದ್ರ, ಅಕೀ ಪೂಜಿ ಮುಗೀಲಿ ಅಂತಾರ. ಯಾರೂ ಇಲ್ಲದ ಹೊತ್ತಿನಾಗ ಮಾತಾಡ್ತಾರ. ಮನ್ಯಾಗ ಹೆಣ್ಮಕ್ಳು ಅಂಜಾಕತ್ತಾರ.” ಅವನು ತಲೆ ತಗ್ಗಿಸಿದ. “ಮಾರಿದಾರು ನೀವು, ನೀವು ಹೇಳಿದ್ರ ನಂಬ್ತಾರ. ಹಾರಿ ಹೋಗೈತಿ, ಯಾರೂ ತಗೊಂಡಿಲ್ಲ ಅಂತ ಒಂದು ಮಾತು ಹೇಳ್ರಿ. ನಾ ಈಗಿಂದೀಗ ಕಂಪ್ಲೇಂಟ್ ವಾಪಸ್ ತಗೋತೀನಿ. ನಿಮಗೂ ಒಳ್ಳೇದು, ನಮಗೂ.”

ನನಗೆ ಇದಕ್ಕಿಂತ ಸುಲಭದ ಕರಾರು ಬೇರೆ ಕಾಣಲಿಲ್ಲ. ಸತ್ಯವನ್ನು ಹೇಳುವುದು, ಅದಕ್ಕೆ ಪ್ರತಿಯಾಗಿ ಮರ್ಯಾದೆಯನ್ನು ಮರಳಿ ಪಡೆಯುವುದು. ಘನ, ಅನಿಲ, ಉಷ್ಣತೆ ಎಂದು ಒಂದು ಚಿಕ್ಕ ಉಪನ್ಯಾಸವನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡು ಒಳಗೆ ನಡೆದೆ. ಮೆಣಸಿನ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ಒಳ್ಳೆಯ ಉಪನ್ಯಾಸಗಳಲ್ಲಿ ತೊಡಕಿನ ಸಂಗತಿಗಳು ಇರುವುದಿಲ್ಲ.

ಶರಣಪ್ಪನವರು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗೆ ಯಾರದೋ ಮಾತು ಕೇಳುವವರಂತೆ ತಲೆ ಓರೆ ಮಾಡಿ ಕುಳಿತಿದ್ದರು. ನಮ್ಮನ್ನು ಕಂಡು ಅದನ್ನು ಸರೋಜಳ ಮುಂದೆ ಹಿಡಿದರು.

“ಒಂದ ಕೇಳ್ತೀನಿ ತಾಯಿ, ಖರೇ ಹೇಳು. ತುಂಬಿ ಕಳಿಸಿದ್ಯೋ, ಖಾಲಿ ಕಳಿಸಿದ್ಯೋ?”

“ತುಂಬಿ ಕಳಿಸಿದ್ದೆ ಯಜಮಾನ್ರ. ನನ್ನ ಕೈಯಾರ ತುಂಬಿದ್ದೆ.”

ನಾನು ಗಂಟಲು ಸರಿಪಡಿಸಿಕೊಂಡು, “ವಿಷಯ ಏನಂದ್ರ…” ಎಂದೆ. ಸರೋಜ ನನ್ನ ಕಾಲು ತುಳಿದಳು. ಮದುವೆಯಾದಂದಿನಿಂದ ನನ್ನ ಅನೇಕ ಉಪನ್ಯಾಸಗಳು ಈ ರೀತಿಯಲ್ಲೇ ಮುಕ್ತಾಯಗೊಂಡಿವೆ.

ಬಾಗಿಲಲ್ಲಿ ನಿಂತ ಬಸವರಾಜ, “ಅಕ್ಕಾರ, ಮುಂದಿಂದೂ ಹೇಳ್ರಿ,” ಎಂದ.

ಸರೋಜ ಒಮ್ಮೆ ಫೋಟೊ ನೋಡಿದಳು, ಒಮ್ಮೆ ಆ ಮುದುಕರ ಕೈ ನೋಡಿದಳು. ಅವಳು ತನ್ನ ಹೆಸರಿಗಾಗಿಯೇ ಇಲ್ಲಿಯತನಕ ಬಂದವಳು. “ಮುಂದಿಂದು ನನಗ ಗೊತ್ತಿಲ್ಲ ತಮ್ಮಾ,” ಎಂದಳು. “ನಿನ್ನ ಕಂಪ್ಲೇಂಟ್ ಇದ್ರ ಇರ್ಲಿ ಬಿಡು. ವಾಸನಿ ಹೆಂಗ ಮೆಲ್ಲಕ ಹೋಗ್ತೈತಿ, ಈ ದುಃಖಾನೂ ಹಂಗ ಹೋಗ್ಲಿ. ನಾವು ಬಡದು ಓಡಿಸೋದು ಬ್ಯಾಡ.”

“ಯಾವ ಕಂಪ್ಲೇಂಟಲೇ?” ಎಂದರು ಶರಣಪ್ಪ.

ಬಸವರಾಜ ಫೋನನ್ನು ಬೆನ್ನ ಹಿಂದೆ ಹಿಡಿದು ನಿಂತ. ಮಗ ಹೀಗೆ ನಿಂತರೆ ಏನರ್ಥವೆಂದು ಬಲ್ಲ ತಂದೆ ಗದರಿ ಕೇಳಿದರು. ಆಗ ಅವನು ಎಲ್ಲ ಹೇಳಿದ. ಮುದುಕರ ಬೆನ್ನು ನೆಟ್ಟಗಾಯಿತು. ಇಡೀ ಮಿಲ್ಲಿಗೆ ಕೇಳುವಂತೆ ಕೂಗಾಡಿ ಬದುಕಿದ ದನಿ ಅದು. ಬಹಳ ದಿನಗಳ ಮೇಲೆ ಹೊರಬಿದ್ದಿತ್ತೆಂದು ಮಗನ ಮುಖವೇ ಹೇಳುತ್ತಿತ್ತು.

“ನಿಮ್ಮವ್ವನ ಹೆಸರಿನಾಗ ಒಬ್ಬ ಹೆಣ್ಮಗಳಿಗೆ ಕಳ್ಳಿ ಅಂದೀಯೇನಲೇ? ನಿಮ್ಮವ್ವ ಯಾರಿಗರ ಹಂಗ ಅಂದಿದ್ಲೇನು? ತುಂಬಿ ಕಳಿಸೀನಿ ಅಂತಾಳ. ಪಟ್ಟಿ ಹರದಿದ್ದಿಲ್ಲ, ನೀನ ಬಿಚ್ಚೀದಿ. ಮತ್ತ ಯಾರು ತಗೋತಾರ? ಯಾರು ತರಿಸಿದ್ಲೋ ಅಕಿ ತಗೊಂಡ್ಲು. ತೆಗಿ ಆ ಫೋನು.”

“ತೆಗೆದೀನಪ್ಪಾ. ಏನಂತ ಬರೀಲಿ?”

“ಮುಟ್ಟಿತು ಅಂತ ಬರಿ.”

“ಮತ್ತೇನು?”

“ಅಷ್ಟ.”

ತರ್ಕಶಾಸ್ತ್ರವನ್ನು ನಾನೂ ಅಷ್ಟಿಷ್ಟು ಓದಿದವನು. ಆ ವಾದದಲ್ಲಿ ಎಲ್ಲಿ ಕೈಹಾಕಬೇಕೆಂದು ಹುಡುಕಿದೆ. ಮೆಣಸು ಡಬ್ಬಿಯಲ್ಲೇ ಉಳಿದಿದ್ದರೆ ಕೈಹಾಕಬಹುದಿತ್ತು.

ಬಸವರಾಜ ತಂದೆಯ ಮುಖವನ್ನೇ ನೋಡುತ್ತ ಹೆಬ್ಬೆರಳಾಡಿಸಿದ. ಶರಣಪ್ಪನವರು ಡಬ್ಬಿಯ ಮುಚ್ಚಳ ಹಾಕಿ, ಅಂಗೈಯಿಂದ ಒತ್ತಿ, ಫೋಟೊದ ಕೆಳಗೆ ಇಟ್ಟರು. “ಆತು. ಅಕೀ ಪೂಜಿ ಮುಗೀತು,” ಎಂದರು, ಯಾರಿಗೂ ಅಲ್ಲ ಎಂಬಂತೆ. ಆಮೇಲೆ ನಮ್ಮ ಕಡೆ ತಿರುಗಿ, “ಉಂಡು ಹೋಗಬೇಕು ನೀವು. ಅಕಿ ಇದ್ದಿದ್ರ ಹಂಗ ಬಿಡ್ತಿದ್ದಿಲ್ಲ,” ಎಂದು ತಾವೇ ಮೊದಲು ಪಂಕ್ತಿಗೆ ಕುಳಿತರು. ರೊಟ್ಟಿ ತಟ್ಟುತ್ತಿದ್ದ ಸೊಸೆ ಬಾಗಿಲ ಮರೆಯಿಂದ ಇಣುಕಿ ನೋಡಿ, ಸೆರಗು ಬಾಯಿಗೆ ಹಿಡಿದು ಒಳಗೆ ಹೋದಳು. ಬಸವರಾಜ ಕೈಕಾಲು ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ.

ಸರೋಜ ಹೊಸ ಡಬ್ಬಿಯನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಬಸ್ಸಿನಲ್ಲಿ ಅದೇಕೆಂದು ಕೇಳಿದೆ. “ಮುಟ್ಟಿದ್ದಕ್ಕ ಯಾರರ ಬದಲಿ ಕೊಡ್ತಾರೇನ್ರಿ?” ಎಂದಳು. ಆಮೇಲೆ, “ಖರೇ ಹೇಳ್ರಿ, ಮೆಣಸು ಎಲ್ಲಿ ಹೋಗಿರಬೇಕು?” ಎಂದಳು. ಇಲಿ ಎನ್ನಬೇಕೆಂದಿದ್ದೆ. ಪಟ್ಟಿ ಹರಿಯದೆ ಒಳಹೊಕ್ಕು, ಖಾರ ತಿಂದು, ಗಂಟನ್ನು ಮತ್ತೆ ಕಟ್ಟಿಟ್ಟು ಹೋಗುವ ಇಲಿ. ಕಿಟಕಿಯಾಚೆ ಕಮಲಾಪುರದ ಕಲ್ಲುಗಳು ಸಂಜೆಯ ಬಿಸಿಲಿಗೆ ಕೆಂಪಗೆ ಕುಳಿತಿದ್ದವು. ನಾನು ಬಾಯಿ ಮುಚ್ಚಿಕೊಂಡೆ. ಈ ಸಲ ಯಾರೂ ಕಾಲು ತುಳಿಯಬೇಕಾಗಲಿಲ್ಲ.

ಅಂಗಡಿಯ ಬೀಗ ತೆಗೆದರು. ಈಗ ಯಾರು ಏನೇ ಸೂಚನೆ ಬರೆದರೂ ಸರೋಜ ಕರ್ಪೂರದ ಬಾಯಿ ಭದ್ರ ಮಾಡದೆ ಕಳಿಸುವುದಿಲ್ಲ. ನಾನು ಮೊದಲಿನಂತೆಯೇ ಕಪ್ಪು ಜ್ವಾಲೆಯನ್ನು ಅಂಟಿಸುತ್ತೇನೆ. ಅವಳ ಪುಟದಲ್ಲಿ ಗಿರಾಕಿಗಳ ಅಭಿಪ್ರಾಯಗಳ ಸಾಲು ಉದ್ದವಾಗಿದೆ: ಪೆಟ್ಟಿಗೆ ಜಜ್ಜಿದೆ ಎನ್ನುವವರು, ತಡವಾಯಿತೆನ್ನುವವರು, ಕರ್ಪೂರ ಯಾಕೆ ಬಿಳಿ ಎಂದು ಕೇಳುವವರು. ಮಾಲು ಸರಿಯಾಗಿ ಸಿಕ್ಕವರು ಒಬ್ಬರೂ ಬರೆಯುವುದಿಲ್ಲ, ಸಿಕ್ಕಿತು, ಮರೆತರು. ಅವರೆಲ್ಲರ ನಡುವೆ ಸಿದ್ದಮ್ಮ, ಕಂಪ್ಲಿ ಎಂಬ ಹೆಸರಿನ ಕೆಳಗೆ ಒಂದೇ ಮಾತು ಇದೆ: ಮುಟ್ಟಿತು. ತಲುಪಿದ್ದನ್ನು ತಲುಪಿತೆಂದು ತಿಳಿಸುವಷ್ಟು ಸೌಜನ್ಯವನ್ನು, ಬದುಕಿರುವ ಗಿರಾಕಿಗಳಲ್ಲಿ ನಾನಂತೂ ಇನ್ನೂ ಕಂಡಿಲ್ಲ.